ಲಿಲ್ಲಿಯ ಸರಾಸರಿ

ನರ್ಸಕ್ಕನನ್ನು ನಾನು ಮೊದಲು ಕಂಡದ್ದು ನಮ್ಮ ಕಟ್ಟಡದ ಮೆಟ್ಟಿಲುಗಳ ಮೇಲೆ. ಅವರು ಎದುರುಮನೆಗೆ ಬಂದ ದಿನವದು. ಮಂಚ, ಬೀರು, ಪಾತ್ರೆಗಳನ್ನೆಲ್ಲ ಕೂಲಿಯವರಿಗೆ ಬಿಟ್ಟು, ಬರೀ ಮಣ್ಣು ತುಂಬಿದ ಕುಂಡವೊಂದನ್ನು ಮಗುವಿನಂತೆ ಸೊಂಟದ ಮೇಲೆ ಎತ್ತಿಕೊಂಡು ಹತ್ತುತ್ತಿದ್ದರು.

"ಕೊಡಿ ತಾಯಿ, ನಾನು ಹಿಡ್ಕೋತೀನಿ!" ಎಂದೆ.

"ಮೆಲ್ಲಗೆ ಮಾತಾಡಿ. ಒಳಗೆ ಲಿಲ್ಲಿ ಗಡ್ಡೆ ಮಲಗಿದೆ" ಎಂದರು.

ಮೂವತ್ತು ವರ್ಷಕ್ಕೂ ಮೀರಿ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಜೊತೆಗಿದ್ದ ದಾದಿಯರು ಬೀಳ್ಕೊಡುವಾಗ ಕೊಟ್ಟ ಗಡ್ಡೆಯಂತೆ ಅದು. ಮೂರು ವರ್ಷ ಬರೀ ಎಲೆ ಬಿಟ್ಟು ಸತಾಯಿಸಿತು. ನಾಲ್ಕನೆಯ ವರ್ಷ, ಒಂದು ಬೆಳಗ್ಗೆ, ನರ್ಸಕ್ಕ ಕುಂಡದ ಸಮೇತ ನಮ್ಮ ಬಾಗಿಲಲ್ಲಿ ನಿಂತಿದ್ದರು. ಕಾಂಡದ ತುದಿಯಲ್ಲಿ ನಾಲ್ಕು ಮೊಗ್ಗು! ಆದರೆ ಅವರ ಮುಖದಲ್ಲಿ ನಗುವಿರಲಿಲ್ಲ. ಮಗಳ ಹೆರಿಗೆಗೆಂದು ಆ ದಿನವೇ ಪರವೂರಿಗೆ ಹೊರಟಿದ್ದರು.

"ಒಂದ್ಸಲ ಇದರ ಹೂ ನೋಡ್ಬೇಕು ಅಂತ ನಾಲ್ಕು ವರ್ಷದಿಂದ ಕಾದಿದೀನಿ, ಮೇಷ್ಟ್ರೇ. ಎರಡು ವಾರದಲ್ಲಿ ಬಂದ್ಬಿಡ್ತೀನಿ. ಸುಮಾರು ಇಪ್ಪತ್ತು ಡಿಗ್ರಿ ಇದ್ರೆ ಇದಕ್ಕೆ ಹಿತ, ರಾತ್ರಿ ಸ್ವಲ್ಪ ತಂಪು ಬೇಕು. ಗಾಳೀಲಿ ತೇವ ನೂರಕ್ಕೆ ಸುಮಾರು ಅರವತ್ತು. ಹೆಚ್ಚುಕಮ್ಮಿ ಆದ್ರೂ ಚಿಂತೆ ಇಲ್ಲ. ಕಿಟಕಿ ಹತ್ರ ಇಟ್ಟು ಸುಮ್ನಿದ್ರೆ ಸಾಕು."

ಹೀಗೆಂದು, ಶಾಖವನ್ನೂ ತೇವವನ್ನೂ ತೋರಿಸುವ ಎರಡು ಮುಳ್ಳಿನ ಮಾಪಕವೊಂದನ್ನು ನನ್ನ ಕೈಗಿತ್ತರು. ಅದೇ ಅವರು ಮಾಡಿದ ತಪ್ಪು!

"ಲೆಕ್ಕದ ಮೇಷ್ಟ್ರ ಕೈಗೆ ಕೊಟ್ಟಿದೀರಿ. ನಮ್ಮಲ್ಲಿ ಸುಮಾರು ಗಿಮಾರು ಇಲ್ಲ. ಇಪ್ಪತ್ತು ಅಂದ್ರೆ ಇಪ್ಪತ್ತೇ! ನೀವು ಬಂದಾಗ ನಾಲ್ಕೂ ಹೂ ಸಾಲಾಗಿ ನಿಂತು ಸ್ವಾಗತ ಮಾಡ್ತವೆ!" ಎಂದು ಎದೆ ತಟ್ಟಿಕೊಂಡೆ.

"ಸುಮ್ನಿರೋದು ಒಂದು ಬಿಟ್ಟು ಬೇರೆ ಏನು ಹೇಳಿದ್ರೂ ಮಾಡ್ತಾರೆ, ಅಕ್ಕಾ" ಎಂದಳು ನನ್ನಾಕೆ.

ಕಿಟಕಿಯ ಬಳಿ ಮಾಪಕವು ಇಪ್ಪತ್ತೇಳು ಡಿಗ್ರಿಯನ್ನೂ ನಲವತ್ತರ ತೇವವನ್ನೂ ತೋರಿಸಿತು. ಮಕ್ಕಳು ಕಡಿಮೆ ಅಂಕ ತಂದಾಗ ಆಗುತ್ತಿದ್ದ ಸಂಕಟವೇ ಆಯಿತು. ಒದ್ದೆ ಹೊದಿಕೆಯೊಂದನ್ನು ಫ್ಯಾನಿನ ಮುಂದೆ ತೂಗುಹಾಕಿದೆ. ತೇವವೇನೋ ಏರಿತು, ಜೊತೆಗೆ ಗೋಡೆಯ ಕ್ಯಾಲೆಂಡರೂ ಸೋಫಾದ ದಿಂಬುಗಳೂ ನೆನೆದವು. ಆಮೇಲೆ ಕುಂಡವನ್ನು ಬಚ್ಚಲಿಗೆ ಒಯ್ದು, ಪಕ್ಕದ ಬಕೆಟಿಗೆ ಬಿಸಿನೀರು ಬಿಟ್ಟು ಹಬೆ ತುಂಬಿಸಿದೆ. ತೇವ ತೊಂಬತ್ತೈದು, ಶಾಖ ಮೂವತ್ತೈದು! ಕೊನೆಗೆ ಫ್ರಿಜ್ಜಿನೊಳಗೆ ಮಾಪಕವನ್ನಿಟ್ಟು ನೋಡಿದೆ. ಶಾಖ ಐದು, ತೇವ ಇಪ್ಪತ್ತೈದು.

ಆಗ ನನ್ನ ಮಿದುಳಿನಲ್ಲಿ ಮಿಂಚು ಹೊಳೆಯಿತು. ಮೂವತ್ತೈದಕ್ಕೆ ಐದನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಇಪ್ಪತ್ತು. ತೊಂಬತ್ತೈದಕ್ಕೆ ಇಪ್ಪತ್ತೈದನ್ನು ಕೂಡಿಸಿ ಭಾಗಿಸಿದರೆ ಅರವತ್ತು. ಹಗಲು ಹನ್ನೆರಡು ಗಂಟೆ ಬಚ್ಚಲು, ರಾತ್ರಿ ಹನ್ನೆರಡು ಗಂಟೆ ಫ್ರಿಜ್ಜು! ಶೇಷವೇ ಉಳಿಯದ ಉತ್ತರ!

ಫ್ರಿಜ್ಜಿನ ತಟ್ಟೆಗಳನ್ನೆಲ್ಲ ಕಿತ್ತು, ಹಾಲು ತರಕಾರಿಗಳನ್ನು ಮೇಜಿನ ಮೇಲೆ ಹೊರಹಾಕಿ, ಲಿಲ್ಲಿಯನ್ನು ಒಳಗೆ ಕೂರಿಸಿದೆ. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ನನ್ನ ಸೊಂಟದ ಬೆಲ್ಟನ್ನೇ ಬಿಚ್ಚಿ ಅದರ ಹಿಡಿಗೆ ಬಿಗಿದೆ.

"ರೀ, ಹಾಲು ಒಡೀತು!"

"ವಿಜ್ಞಾನಕ್ಕಾಗಿ ಸ್ವಲ್ಪ ಸಹಿಸ್ಕೋ."

"ಸ್ನಾನಕ್ಕೆ ಹೋಗ್ಬೇಕು, ಕುಂಡ ತೆಗೀರಿ!"

"ಈಗ ಅದರ ಹೊತ್ತು. ನಿನ್ನ ಹೊತ್ತು ಸಂಜೆ ಏಳರ ಮೇಲೆ."

"ಹಾಗಾದ್ರೆ ಇವತ್ತು ನಿಮಗೆ ಎರಡು ದಿನದ ಊಟ ಒಟ್ಟಿಗೆ ಬಡಿಸ್ತೀನಿ, ನಾಳೆ ಅಡುಗೆಮನೆಗೆ ಬೀಗ. ಸರಾಸರಿ ಸರಿಹೋಗುತ್ತಲ್ಲ?"

ಮಹಾಪುರುಷರಿಗೆ ಮನೆಯೊಳಗೆ ಬೆಲೆಯಿಲ್ಲವೆಂದು ನಿಟ್ಟುಸಿರು ಬಿಟ್ಟೆ.

ಮೂರನೆಯ ದಿನ ಎಲೆಗಳ ತುದಿ ಕಂದಿತು. ಐದನೆಯ ದಿನ ಬೆಲ್ಟು ಬಿಚ್ಚುತ್ತಲೇ ಒಂದು ಮೊಗ್ಗು ಟಪ್ಪೆಂದು ಕಾಲಬಳಿ ಬಿತ್ತು. ಬಚ್ಚಲಿಗೆ ಓಡಿದೆ, ದಾರಿಯಲ್ಲಿ ಎರಡನೆಯದು. ಕುಂಡವನ್ನು ಕೆಳಗಿಡುವಾಗ ಮೂರನೆಯದು! ದಿನವೂ ಶಾಖ, ತೇವ ಗುರುತು ಹಾಕಲು ಗೋಡೆಗೆ ಅಂಟಿಸಿದ್ದ ನನ್ನ ನಕ್ಷೆಯನ್ನು ನೋಡಿದೆ. ಸರಾಸರಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅಷ್ಟರಲ್ಲಿ ಫೋನು ಬಂತು.

"ಮೇಷ್ಟ್ರೇ, ನಾನು ಅಜ್ಜಿ ಆದೆ! ಹೆಣ್ಣುಮಗು! ನನ್ನ ಲಿಲ್ಲಿ ಹೇಗಿದೆ?"

"ಅದು... ಸರಾಸರಿ ಚೆನ್ನಾಗಿದೆ" ಎಂದು ತೊದಲಿದೆ.

ನನ್ನಾಕೆ ಫೋನು ಕಿತ್ತುಕೊಂಡು ಎಲ್ಲವನ್ನೂ ಒಪ್ಪಿಸಿಬಿಟ್ಟಳು. ನಾನು ಬಿದ್ದ ಮೂರು ಮೊಗ್ಗುಗಳನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡು, ಬೈಗುಳ ಕೇಳಲು ಫೋನಿನ ಹತ್ತಿರ ಕಿವಿ ತಂದೆ.

ನರ್ಸಕ್ಕ ಸಣ್ಣ ದನಿಯಲ್ಲಿ, "ಒಂದು ಉಳಿದಿದೆಯಲ್ಲ? ಕಿಟಕಿ ಹತ್ರ ಇಡು, ತಂಗಿ. ಮೇಷ್ಟ್ರನ್ನ ಮಾತ್ರ ಬೇರೆ ಕೋಣೇಲಿಡು" ಎಂದರು.

ಒಂಬತ್ತು ದಿನ ನನಗೆ ಆ ಕೋಣೆಗೆ ಪ್ರವೇಶವಿರಲಿಲ್ಲ. ನನ್ನಾಕೆ ಅದಕ್ಕೆ ಮಾಡಿದ ಸೇವೆಯೆಂದರೆ, ಮಣ್ಣು ಒಣಗಿದಾಗ ಒಂದು ಲೋಟ ನೀರು ಹಾಕಿದ್ದು, ಅಷ್ಟೇ. ಮಾಪಕವನ್ನಂತೂ ತಿರುಗಿಯೂ ನೋಡಲಿಲ್ಲ. ನರ್ಸಕ್ಕ ಊರಿನಿಂದ ಬಂದವರೇ ಕೈಚೀಲವನ್ನೂ ಕೆಳಗಿಡದೆ ಒಳಗೆ ಹೋದರು. ಉಳಿದಿದ್ದ ಒಂದೇ ಮೊಗ್ಗು ಅರ್ಧ ಬಿರಿದಿತ್ತು. ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರು. ಸಂಜೆಯ ಹೊತ್ತಿಗೆ ಅದು ಅಂಗೈಯಗಲ ಅರಳಿತು, ಹಾಲಿನಷ್ಟು ಬೆಳ್ಳಗೆ. ಅವರು ಕಣ್ಣೊರೆಸಿಕೊಂಡು ನನ್ನನ್ನು ಕರೆದರು.

"ಬನ್ನಿ ಮೇಷ್ಟ್ರೇ, ನೋಡಿ. ಕೈ ಮಾತ್ರ ಹಿಂದೆ ಕಟ್ಕೊಳ್ಳಿ."

ಈಗ ಆ ಗಡ್ಡೆ ಮರಿ ಹಾಕಿದೆ. ನರ್ಸಕ್ಕ ಭಾನುವಾರಗಳಂದು ತಾರಸಿಯ ಮೇಲೆ ಕಟ್ಟಡದವರಿಗೆಲ್ಲ ಲಿಲ್ಲಿ ಬೆಳೆಸುವ ಪಾಠ ಹೇಳುತ್ತಾರೆ. ನಾನೂ ತಪ್ಪದೆ ಹೋಗುತ್ತೇನೆ. ಹೋದ ವಾರ ಕೆಳಮನೆಯ ದರ್ಜಿ ನಗುತ್ತಾ ಕೇಳಿದ:

"ಮೊಗ್ಗು ಬಂದಿರೋ ಗಿಡಾನ ಫ್ರಿಜ್ಜಲ್ಲಿ ಇಡೋವಂಥವರೂ ಇರ್ತಾರಾ, ಅಕ್ಕಾ?"

"ಇರ್ತಾರೆ" ಎಂದರು ನರ್ಸಕ್ಕ. "ಸ್ವಲ್ಪ ಎದ್ದು ನಿಲ್ಲಿ, ಮೇಷ್ಟ್ರೇ."

ನಿಂತೆ. ಪಕ್ಕದಲ್ಲಿದ್ದ ನನ್ನಾಕೆ ಅಂಗಿ ಜಗ್ಗಿ ಪಿಸುಗುಟ್ಟಿದಳು: "ನೆಟ್ಟಗೆ ನಿಲ್ಲಿ ರೀ, ಹಿಂದಿನವರಿಗೂ ಕಾಣ್ಲಿ!"