ಈ ಟವೆಲ್ ಯಾರದು?

ಕೆಲವರಿಗೆ ಹಾವು ಕಂಡರೆ ಹೆದರಿಕೆ, ಕೆಲವರಿಗೆ ಜಿರಲೆ. ನನಗೆ ಟವೆಲ್. ಸ್ನಾನವಾದ ಮೇಲೆ ಹಳೇ ಪಂಚೆಯಲ್ಲಿ ಮೈ ಒರೆಸಿಕೊಳ್ಳುವ ಬಾಕ್ಸರ್ ಇಡೀ ಪೀಣ್ಯದಲ್ಲಿ ನಾನೊಬ್ಬನೇ ಇರಬೇಕು. "ಮೂಗು ಮುರಿದಾಗ್ಲೂ ಹೆದರ್ದೇ ಇದ್ದೋರು ಬಟ್ಟೆ ತುಂಡಿಗೆ ಹೆದರ್ತೀರಲ್ರೀ!" ಎಂದು ಹೆಂಡತಿ ಸರೋಜ ಆಡಿಕೊಳ್ಳುತ್ತಾಳೆ.

ಕಾರಣವಿದೆ ಸ್ವಾಮಿ. ಶಿಷ್ಯ ತೀರಾ ಏಟು ತಿನ್ನುತ್ತಿದ್ದರೆ ಗುರು ರಿಂಗಿನೊಳಕ್ಕೆ ಟವೆಲ್ ಎಸೆಯುತ್ತಾನೆ. ಅಲ್ಲಿಗೆ ಪಂದ್ಯ ಮುಗಿಯಿತು, ಶಿಷ್ಯ ಸೋತ. ನಮ್ಮ ಕಾರ್ಖಾನೆಯ ಪರವಾಗಿ ಆಡುತ್ತಿದ್ದಷ್ಟು ಕಾಲ ನಾನು ಹುಲಿ. ಗೆದ್ದು ತಂದ ಕಪ್ಪುಗಳಲ್ಲಿ ಅಮ್ಮ ಸೂಜಿ, ಗುಂಡಿ ಹಾಕಿಟ್ಟುಕೊಂಡಿದ್ದಳು. ಆ ಧೈರ್ಯದ ಮೇಲೆ ವೃತ್ತಿಪರನಾದೆ. ಅಲ್ಲಿ ತಲೆಗೆ ಕವಚವಿಲ್ಲ, ಎದುರಾಳಿಗೆ ಕರುಣೆಯಿಲ್ಲ. ಒಂದು ದಿನ ನಮ್ಮ ಮೇಷ್ಟ್ರು ಟವೆಲ್ ಎಸೆದೇಬಿಟ್ಟರು. "ಇನ್ನೊಂದು ನಿಮಿಷ ಬಿಟ್ಟಿದ್ರೆ ಗೆಲ್ತಿದ್ದೆ ಸಾರ್!" ಎಂದು ಕೂಗಾಡಿದೆ.

"ಗೆಲ್ತಿದ್ದೆ ಕಣೋ. ಮನೆ ದಾರಿ ಮರ್ತೋಗ್ತಿತ್ತು, ಅಷ್ಟೇ."

ಆಮೇಲೆ ನಾನು ಆ ರಿಂಗು ಹತ್ತಲಿಲ್ಲ, ಮೇಷ್ಟ್ರ ಮನೆ ಮೆಟ್ಟಿಲನ್ನೂ ಹತ್ತಲಿಲ್ಲ.

ಈಗ ಮಾಕಳಿಯ ಒಂದು ಶೀಟಿನ ಶೆಡ್ಡಿನಲ್ಲಿ ಬಾಕ್ಸಿಂಗ್ ಕಲಿಸುತ್ತೇನೆ. ಪಕ್ಕದಲ್ಲಿ ಲೇತ್ ಮಷೀನು ಕಿರುಚುವುದರಿಂದ ನನ್ನ ಬೈಗುಳ ಯಾರಿಗೂ ಕೇಳಿಸುವುದಿಲ್ಲ, ಒಳ್ಳೆಯದೇ ಆಯಿತು. ಬರುವವರಿಗೆಲ್ಲ ಹೊಡೆಯುವ ಆಸೆ. ಏಟು ತಿನ್ನಲು ತಯಾರಿರುವವಳು ಒಬ್ಬಳೇ, ನನ್ನ ಮಗಳು ಕಾವ್ಯ. ಹಟದಲ್ಲಿ ಅಪ್ಪನ ಮಗಳು.

ಮೊನ್ನೆ ಅವಳ ಮೊದಲ ಪಂದ್ಯ. ಗುರುವಾಗಿ ನಾನೇ ಅವಳ ಮೂಲೆಯಲ್ಲಿ ನಿಂತಿದ್ದೆ. ನೀರು ತಂದಿದ್ದೆ, ಟವೆಲ್ ತಂದಿರಲಿಲ್ಲ. ನನ್ನ ಮಗಳಿಗೆ ಅದೆಲ್ಲ ಯಾಕೆ ಎಂಬ ಜಂಬ. ಕೊನೆಯ ಸುತ್ತಿನಲ್ಲಿ ಎದುರಿನ ಹುಡುಗಿಯ ಎಡಗೈ ಬಂದು ಬಡಿಯಿತು. ಕಾವ್ಯಳ ಕೈಗಳು ಇಳಿದವು, ಕಣ್ಣು ಎಲ್ಲೋ ನೋಡತೊಡಗಿತು. "ಕೈ ಮೇಲೆ!" ಎಂದು ಅರಚಿದೆ.

ಅಷ್ಟರಲ್ಲಿ ನನ್ನ ತಲೆಯ ಮೇಲಿಂದ ಹಾರಿ ಹೋಗಿ ರಿಂಗಿನ ನಡುವೆ ಬಿತ್ತು, ಗುಲಾಬಿ ಹೂವಿನ ಹಸಿರು ಟವೆಲ್. ನಮ್ಮ ಮನೆಯಲ್ಲಿ ನೆಂಟರು ಬಂದಾಗ ಮಾತ್ರ ತೆಗೆಯುವಂಥದ್ದು. ತಿರುಗಿ ನೋಡಿದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸರೋಜ ನಿಂತಿದ್ದಾಳೆ!

ರೆಫರಿ ಆಟ ನಿಲ್ಲಿಸಿದ. "ಯಾರ್ದು ಸಾರ್ ಇದು? ಜನ ಎಸೆದಿದ್ರೆ ಲೆಕ್ಕಕ್ಕಿಲ್ಲ, ಎತ್ತಿ ಬಿಸಾಕ್ತೀನಿ. ನಿಮ್ದಾದ್ರೆ ಪಂದ್ಯ ಮುಗೀತು."

ಕಾವ್ಯ ನನ್ನನ್ನೇ ನೋಡುತ್ತ ಬೇಡ ಬೇಡ ಎಂದು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಗೇ ಅವಳ ಕಾಲು ತಡವರಿಸಿತು.

"ನಮ್ದೇ ಸಾರ್," ಎಂದೆ.

ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು. "ಇನ್ನೊಂದು ನಿಮಿಷ ಬಿಟ್ಟಿದ್ರೆ ಗೆಲ್ತಿದ್ದೆ ಅಪ್ಪಾ." ಮೇಷ್ಟ್ರ ಉತ್ತರ ನಾಲಿಗೆಯ ತುದಿಯಲ್ಲಿತ್ತು, ಬದಲಿಗೆ ನೀರಿನ ಬಾಟಲಿ ಮುಂದೆ ಹಿಡಿದೆ. ಅಂದಿನಿಂದ ನನ್ನ ಜೊತೆ ಅವಳ ಮಾತು ಬಂದ್.

ಭಾನುವಾರ ಬಾಳೆಹಣ್ಣು ಹಿಡಿದುಕೊಂಡು, ಇಷ್ಟು ವರ್ಷಗಳ ಮೇಲೆ, ಮೇಷ್ಟ್ರ ಮನೆಗೆ ಹೋದೆ. ಮುದುಕರಾಗಿದ್ದಾರೆ. "ಯಾಕೋ ಬಂದೆ?" ಎಂದು ಕೇಳಲಿಲ್ಲ, ಕುರ್ಚಿ ತೋರಿಸಿದರು. ಎಲ್ಲ ಹೇಳಿ ಮುಗಿಸಿ, "ಈ ಮುನಿಸು ಎಷ್ಟು ದಿನ ಇರತ್ತೆ ಸಾರ್?" ಎಂದೆ.

ಮೇಷ್ಟ್ರು ಬಾಳೆಹಣ್ಣು ಸುಲಿಯುತ್ತ, "ನನ್ನ ಕೇಳಿದ್ರೆ? ನಿಂದು ಇವತ್ತು ಮುಗೀತು," ಎಂದರು.