ಅತ್ತೆಯ ಕಣ್ಣು ಮತ್ತು ಐವತ್ತೈದು ಕಾರ್ಡು

ನನ್ನ ಕಣ್ಣಿನ ಬಗ್ಗೆ ನನಗೆ ಸ್ವಲ್ಪ ಜಂಬವಿದೆ. ಬೇರೆಯವರು ರೂಪದ ಬಗ್ಗೆಯೋ ಕೈರುಚಿಯ ಬಗ್ಗೆಯೋ ಜಂಬಪಡುತ್ತಾರೆ. ನನಗೆ ಆ ಎರಡರಲ್ಲೂ ಅವಕಾಶ ಕಡಿಮೆ. ನಾನು ಕೆಲಸ ಮಾಡುವುದು ಸೂಲಿಬೆಲೆ ದಾಟಿದ ಮೇಲೆ ಹೊಸಕೋಟೆ ರಸ್ತೆಯಲ್ಲಿ ಸಿಗುವ ಒಂದು ಗೋದಾಮಿನಲ್ಲಿ. ಪೆಟ್ಟಿಗೆಯ ಮೇಲಿನ ಚೀಟಿ ಕೈಯಲ್ಲಿರುವ ಪಟ್ಟಿಗೆ ತಾಳೆಯಾಗುತ್ತದೆಯೇ ಎಂದು ನೋಡಿ ಲಾರಿಗೆ ಬಿಡಬೇಕು. ಒಂಬತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ಪೆಟ್ಟಿಗೆಯೂ ತಪ್ಪಿ ಹೋಗಿಲ್ಲ. ನಮ್ಮ ಸೂಪರ್‌ವೈಸರ್ ಹೊಸಬರಿಗೆ "ಸವಿತಾ ಮೇಡಂ ಕಣ್ಣು ಸ್ಕ್ಯಾನರ್ ಇದ್ದಂಗೆ" ಎಂದು ಹೇಳುವಾಗ ನಾನು ಕೇಳಿಸದವಳಂತೆ ಪಟ್ಟಿ ತಿರುವುತ್ತೇನೆ. ಆದರೆ ಅವರು ಮಾತು ಮುಗಿಸುವವರೆಗೂ ಅಲ್ಲಿಂದ ಕದಲುವುದಿಲ್ಲ.

ದೇವನಹಳ್ಳಿ ಪಕ್ಕದ ವಿಜಯಪುರದ ನಮ್ಮ ಮನೆಯಲ್ಲಿ ನಾಲ್ಕೇ ಜನ. ಶಾಲೆಯ ವ್ಯಾನ್ ಓಡಿಸುವ ನಮ್ಮ ಯಜಮಾನರು, ಏಳನೇ ತರಗತಿಯ ಮಗಳು ಹರ್ಷಿತಾ, ನಾನು, ನಮ್ಮತ್ತೆ ನಂಜಮ್ಮ. ಅತ್ತೆ ಮೂವತ್ತು ವರ್ಷ ರೇಷ್ಮೆ ನೂಲು ತೆಗೆಯುವ ಕಡೆ ದುಡಿದವರು. ರಾಶಿ ಗೂಡಿನ ಮುಂದೆ ಕೂತು ಕಲೆಯಾದದ್ದು, ಜೋಡಿಗೂಡು, ತೂತುಬಿದ್ದದ್ದು ಎಂದು ಬೇರೆ ಮಾಡಿದ ಕೈ ಅವರದು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಕೂತ ತಿಂಗಳಿಗೇ ಕಣ್ಣು ಮಂಜಾಯಿತು. ಕನ್ನಡಕ ಹಾಕಿದರೂ ಮಂಜು, ತೆಗೆದರೂ ಮಂಜು. ಅಕ್ಕಿಯ ಕಲ್ಲು ಕಾಣದು, ಅವರೆಕಾಯಿಯ ಹುಳ ಕಾಣದು, ಸೂಜಿಯ ಕಣ್ಣಂತೂ ಕೇಳುವುದೇ ಬೇಡ. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ವಯಸ್ಸಾದ್ಮೇಲೆ ಇದ್ದದ್ದೇ ಬಿಡಮ್ಮ, ಇನ್ನೇನು ನೋಡೋದಿದೆ" ಎನ್ನುತ್ತಿದ್ದರು. ಕೊನೆಗೆ ನಾನೇ ಹಠ ಹಿಡಿದು ದೇವನಹಳ್ಳಿಯ ಕಣ್ಣಿನ ಡಾಕ್ಟರ ಬಳಿ ಸೋಮವಾರಕ್ಕೆ ಹೆಸರು ಬರೆಸಿದೆ. ಆ ಒಂದು ದಿನದ ರಜೆಗಾಗಿ ಸೂಪರ್‌ವೈಸರ್ ಮುಂದೆ ನಾನು ಆಡಿದ ಮಾತುಗಳು ನನಗೇ ನಾಚಿಕೆ ತರಿಸುವಷ್ಟು ಸಿಹಿಯಾಗಿದ್ದವು.

ಹಿಂದಿನ ದಿನ ಭಾನುವಾರ. ಊಟವಾದ ಮೇಲೆ ಮೂವರೂ ಮೂರು ಮೂಲೆಯಲ್ಲಿ ಫೋನು ಹಿಡಿದು ಕೂರುವುದು ನಮ್ಮ ಭಾನುವಾರದ ಪದ್ಧತಿ. ಅದನ್ನು ಮುರಿಯಲೆಂದೇ ನಾನು ಒಂದು ಡಬ್ಬಿ ಕಾರ್ಡು ತಂದಿದ್ದೆ. ದುಂಡನೆಯ ಐವತ್ತೈದು ಕಾರ್ಡು. ಒಂದೊಂದರಲ್ಲೂ ಎಂಟು ಚಿತ್ರ. ಯಾವ ಎರಡು ಕಾರ್ಡು ತೆಗೆದುಕೊಂಡರೂ ಅವೆರಡರಲ್ಲೂ ಇರುವ ಚಿತ್ರ ಒಂದೇ ಒಂದು. ಎಲ್ಲರ ಮುಂದೆ ಒಂದೊಂದು ಕಾರ್ಡು, ಉಳಿದದ್ದು ನಡುವೆ ಕಟ್ಟಾಗಿ. ಕಟ್ಟಿನ ಮೇಲಿನ ಕಾರ್ಡಿಗೂ ನಮ್ಮದಕ್ಕೂ ಸಮನಾದ ಚಿತ್ರ ಯಾವುದೆಂದು ಮೊದಲು ಕೂಗಿದವರಿಗೆ ಆ ಕಾರ್ಡು. ಕೊನೆಯಲ್ಲಿ ಹೆಚ್ಚು ಇದ್ದವರು ಗೆದ್ದಂತೆ. ಇದು ನನಗಾಗಿಯೇ ಮಾಡಿಸಿದ ಆಟ ಎಂದು ಅಂಗಡಿಯಲ್ಲೇ ಅನ್ನಿಸಿತ್ತು. ಮನೆಯವರಿಗೆ ಪಾಪ, ಸೋಲುವುದು ಅಭ್ಯಾಸವಾಗಲಿ ಎಂದುಕೊಂಡೆ.

ಚಾಪೆ ಹಾಸಿ ಕೂತೆವು. ಅತ್ತೆ ಗೋಡೆಗೆ ಒರಗಿ ಎಲೆಯಡಿಕೆ ಹಾಕುತ್ತಿದ್ದರು. ಆಟ ಶುರುವಾದ ಎರಡೇ ನಿಮಿಷಕ್ಕೆ ಮನೆ ಸಂತೆಯಾಯಿತು. "ಬೀಗ", "ಆಮೆ", "ಮೋಡ", "ನಂದು ಮೊದ್ಲು", "ಕೈ ತೆಗಿ". ಚಿತ್ರಗಳೂ ಭಾರಿ ಮೋಸದವು. ಒಂದು ಕಾರ್ಡಿನಲ್ಲಿ ಅಂಗೈಯಗಲ ಕೂತ ಮೀನು ಇನ್ನೊಂದರಲ್ಲಿ ಸಾಸಿವೆಯಾಗಿ ತಲೆಕೆಳಗೆ ಬಿದ್ದಿರುತ್ತದೆ. ನಮ್ಮ ಯಜಮಾನರಿಗೆ ಯಾವ ಕಾರ್ಡು ನೋಡಿದರೂ ಬೆಕ್ಕೇ ಕಾಣುತ್ತಿತ್ತು. ಬೆಕ್ಕಿಲ್ಲದ ಕಡೆಯೂ "ಬೆಕ್ಕು" ಎಂದು ಮೂರು ಸಲ ಕಟ್ಟಿನ ಮೇಲೆ ಬಿದ್ದರು. "ರೀ, ಮಕ್ಕಳನ್ನ ಕೂರಿಸ್ಕೊಂಡು ವ್ಯಾನ್ ಓಡಿಸ್ತೀರಲ್ಲ, ಹೆಂಗೆ?" ಎಂದೆ. "ರೋಡಲ್ಲಿ ಎಂಟು ಚಿತ್ರ ಒಟ್ಟಿಗೆ ಬರಲ್ಲ ಕಣೆ" ಎಂದರು.

ಮೊದಲು ನಾನೇ ಮುಂದಿದ್ದೆ. ಆಮೇಲೆ ಏನಾಯಿತೋ, ಹರ್ಷಿತಾ ಒಂದರ ಮೇಲೊಂದು ಕಾರ್ಡು ಬಾಚತೊಡಗಿದಳು. ಕಾರ್ಡು ತಿರುವುವುದೇ ತಡ, "ಕೊಡೆ", "ಏಡಿ", "ಮೇಣದಬತ್ತಿ". ನನ್ನ ಕಣ್ಣು ಮೊದಲ ಚಿತ್ರ ಬಿಟ್ಟು ಎರಡನೆಯದಕ್ಕೆ ಹೋಗುವಷ್ಟರಲ್ಲಿ ಕಾರ್ಡು ಅವಳ ಮಡಿಲಲ್ಲಿ. ಗೋದಾಮಿನಲ್ಲಿ ನಾಲ್ಕು ಲಾರಿ ಒಟ್ಟಿಗೆ ಬಂದು ನಿಂತಾಗಲೂ ನಾನು ಹೀಗೆ ಹಿಂದೆ ಬಿದ್ದಿರಲಿಲ್ಲ. ಆಗ ಗಮನಿಸಿದೆ: ಅವಳು ಕಾರ್ಡು ನೋಡುತ್ತಲೇ ಇರಲಿಲ್ಲ. ಕಿವಿ ಹಿಂದಕ್ಕೆ ಕೊಟ್ಟು ಕೂತಿದ್ದಳು. ಮುಂದಿನ ಕಾರ್ಡು ತಿರುಗಿತು. ಗೋಡೆಯ ಕಡೆಯಿಂದ ಎಲೆಯಡಿಕೆ ತುಂಬಿದ ಬಾಯಿಯ ಪಿಸುಮಾತು ಬಂತು, "ಕತ್ತರಿ. ನಿನ್ ಚೀಟೀಲಿ ಕೆಳಗಡೆ, ಸಣ್ಣದು."

ನಾವು ಮೂವರೂ ತಿರುಗಿ ನೋಡಿದೆವು. ಎರಡು ಮಾರು ದೂರದಿಂದ, ಹೆಬ್ಬೆರಳಿನ ಉಗುರಿಗಿಂತ ಸಣ್ಣ ಕತ್ತರಿಯನ್ನು ಅತ್ತೆ ಹೇಳಿದ್ದರು.

"ಅಮ್ಮ, ನಿಂಗೆ ಕಣ್ಣು ಕಾಣಲ್ವಲ್ಲ" ಎಂದರು ಇವರು.

"ಒಂದೊಂದ್ಸಲ ಕಾಣುತ್ತಪ್ಪ" ಎಂದರು ಅತ್ತೆ.

ಹರ್ಷಿತಾ ಅಜ್ಜಿಯ ಕೈ ಹಿಡಿದು ಚಾಪೆಗೆ ಎಳೆದು ತಂದಳು. ಆಮೇಲೆ ನಡೆದದ್ದನ್ನು ಆಟ ಎನ್ನಲಾರೆ. ಅತ್ತೆ ಕನ್ನಡಕ ಏರಿಸಿ, ಬೆನ್ನು ನೆಟ್ಟಗೆ ಮಾಡಿ, ಗೂಡು ಆರಿಸುವ ಹಾಗೆಯೇ ಕೂತು ಕಾರ್ಡು ಎತ್ತಿಕೊಳ್ಳುತ್ತಾ ಹೋದರು. ಕೂಗಲಿಲ್ಲ, ಬಾಗಲಿಲ್ಲ. ಆಕ್ಟೋಪಸ್ಸಿಗೆ "ಎಂಟುಕಾಲಿನ್ ಹುಳ" ಎಂದರು. ಇಗ್ಲೂಗೆ "ಬಿಳೀ ಗುಡ್ಲು" ಎಂದರು. ಹೆಸರು ತಪ್ಪು ಎಂದು ನಾನು ತಕರಾರು ತೆಗೆದೆ. "ಚಿತ್ರ ಸರಿ ಇದ್ಯಾ ಇಲ್ವಾ?" ಎಂದು ಮಗಳು ನನ್ನನ್ನೇ ಗದರಿದಳು.

ಆಟ ಮುಗಿದ ಮೇಲೆ ನಾನು ಕೇಳಿಯೇಬಿಟ್ಟೆ. "ಅತ್ತೆ, ಎರಡು ವರ್ಷದಿಂದ ಯಾಕೆ ಹಿಂಗೆ?" ನನ್ನ ದನಿ ಸ್ವಲ್ಪ ಏರಿತ್ತು, ಆ ಎರಡು ವರ್ಷದ ಅವರೆಕಾಯಿಯೆಲ್ಲ ನನ್ನ ಉಗುರುಗಳಿಗೆ ಗೊತ್ತು. ಅತ್ತೆ ಕಾರ್ಡುಗಳನ್ನು ಒಟ್ಟುಮಾಡುತ್ತಾ ಹೇಳಿದರು, "ಕೆಲಸಕ್ಕೆ ಹೋಗ್ತಿದ್ದಾಗ ಮನೇಲಿ ಏನೂ ಕಾಣ್ತಿರ್ಲಿಲ್ಲ ಕಣಮ್ಮ. ಮನೇಲಿ ಕೂತ್ಮೇಲೆ ಎಲ್ಲಾನೂ ಕಾಣಕ್ಕೆ ಶುರುವಾಯ್ತು. ನಮ್ಮತ್ತೆ ಎಲ್ಲಾ ನೋಡೋರು, ನೋಡಿದ್ದೆಲ್ಲಾ ಆಡೋರು. ನಾನು ಹಂಗಾಗ್ಬಾರ್ದು ಅಂತಿದ್ದೆ. ಬಾಯಿ ಕಟ್ಕೊಳ್ಳೋದು ನನ್ ಕೈಲಾಗ್ಲಿಲ್ಲ, ಅದ್ಕೇ ಕಣ್ಣು ಮುಚ್ಕೊಂಡೆ."

ಹರ್ಷಿತಾ ಮೊಣಕಾಲ ಮೇಲೆ ಎದ್ದು, "ಅಜ್ಜಿ, ಏನೇನ್ ನೋಡಿದ್ದೀಯ ಹೇಳು" ಎಂದಳು. ಅತ್ತೆ ನನ್ನ ಮುಖ ನೋಡಿದರು. ಶನಿವಾರದ ಇಡ್ಲಿಗೆ ರುಬ್ಬಿದ್ದು ಎಂದು ಹೇಳಿ ನಾನು ಸುರಿಯುವ ಅಂಗಡಿಯ ಹಿಟ್ಟು, ಅದರ ಪ್ಯಾಕೆಟ್ಟನ್ನು ಮಡಿಸಿ ಸೌದೆಯ ಕೆಳಗೆ ತಳ್ಳುವುದು, ಇವರ ಅಕ್ಕ ಕೊಟ್ಟ ಸೀರೆಯನ್ನು ನನ್ನ ತಂಗಿಗೆ ದಾಟಿಸಿದ್ದು, ಎಲ್ಲವೂ ಒಂದೇ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಹಾದುಹೋದವು. "ಏನಿಲ್ಲ ಬಿಡು ಮಗ, ಅದೇ ನಿಮ್ಮಪ್ಪ ಬೀಡಿ ಸೇದೋದು" ಎಂದರು ಅತ್ತೆ. ಆ ಸಂಜೆ ಇವರ ಪಾಡು ಬೇರೆಯೇ ಕಥೆ. ನಾನು ಬೈಯುವಷ್ಟು ಬೈದೆ, ಒಳಗೊಳಗೇ ಅತ್ತೆಗೆ ಕೈ ಮುಗಿದೆ.

ಸೋಮವಾರ ಡಾಕ್ಟರ ಹತ್ತಿರ ಹೋಗಲಿಲ್ಲ. ಇವರು ವ್ಯಾನಿಗೆ ಹೋದರು, ಮಗಳು ಶಾಲೆಗೆ ಹೋದಳು. ಕಷ್ಟಪಟ್ಟು ಪಡೆದ ರಜೆ ಹಾಳಾಯಿತಲ್ಲ ಎಂದು ನಾನು ಬಟ್ಟೆ ನೆನೆಹಾಕಲು ಹೊರಟಾಗ ಅತ್ತೆ ಕರೆದರು. "ಬಟ್ಟೆ ಎಲ್ಲೂ ಹೋಗಲ್ಲ. ತಗೊಂಬಾ ಆ ಚೀಟಿ." ಇಬ್ಬರೇ ಎದುರುಬದುರು ಕೂತೆವು. ನಾನು ಸೆರಗು ಸಿಕ್ಕಿಸಿಕೊಂಡು ನನ್ನ ಒಂಬತ್ತು ವರ್ಷದ ಕಣ್ಣನ್ನೆಲ್ಲ ಸುರಿದು ಆಡಿದೆ. ಕೊನೆಗೆ ಎಣಿಸಿದಾಗ ಅತ್ತೆಯ ಬಳಿ ನಲವತ್ತೆಂಟು ಇದ್ದವು, ನನ್ನ ಬಳಿ ಏಳು. ಆ ಏಳರಲ್ಲಿ ಒಂದು, ಆಟದ ಮೊದಲಿಗೆ ಎಲ್ಲರಿಗೂ ಪುಕ್ಕಟೆ ಸಿಗುವಂಥದ್ದು.

ಇನ್ನೊಂದರ ಬಗ್ಗೆಯೂ ಹೇಳಿಬಿಡುತ್ತೇನೆ. ಅತ್ತೆಯ ಕಾರ್ಡಿನಲ್ಲೂ ಕಟ್ಟಿನ ಮೇಲೂ ಏಣಿ ಇತ್ತು. ಎರಡೂ ದೊಡ್ಡವು, ಕುರುಡರಿಗೂ ಕಾಣುವಂಥವು. ಅವರ ಕಣ್ಣು ಅದರ ಮೇಲೆ ನಿಂತದ್ದನ್ನು ನಾನು ನೋಡಿದೆ. ಆಮೇಲೆ ಅವರು ನಿಧಾನವಾಗಿ ಕಿಟಕಿಯ ಕಡೆ ತಿರುಗಿ, "ಅದ್ಯಾರ್ದಮ್ಮ ಹಸು, ಬೀದೀಲಿ ನಿಂತಿರೋದು?" ಎಂದು ಕೇಳಿದರು. ಅಷ್ಟರಲ್ಲಿ ನನ್ನ ಕಾರ್ಡಿನ ಮೀನು ನನಗೆ ಸಿಕ್ಕಿ ಕೂಗಿಬಿಟ್ಟೆ. ಗೆದ್ದ ಉತ್ಸಾಹದಲ್ಲಿ ಕತ್ತು ಚಾಚಿ ಹೊರಗೆ ನೋಡಿದೆ. ಬೀದಿ ಖಾಲಿಯಿತ್ತು.

"ಎದುರುಮನೆಯವ್ರದಿರ್ಬೇಕು ಅತ್ತೆ" ಎಂದು ಹೇಳಿ ಕಾರ್ಡು ತೆಗೆದುಕೊಂಡೆ.