ಕುದಿನೀರಿಗೇ ಕೈಚೆಲ್ಲಿದ ಅಮೈಲೇಸ್ ಅವರಿಗೆ

ಎಂಜಲಿನಲ್ಲಿ ಮನೆಮಾಡಿಕೊಂಡು, ಪಿಷ್ಟವನ್ನು ಸಕ್ಕರೆಯಾಗಿ ಮುರಿಯುವ ಮಹತ್ಕಾರ್ಯದಲ್ಲಿ ಸದಾ ನಿರತರಾಗಿರುವ ಅಮೈಲೇಸ್ ಕಿಣ್ವದವರ ಸನ್ನಿಧಿಗೆ, ಶಾಲೆಯ ಪ್ರಯೋಗಾಲಯದ ಸಹಾಯಕನು ನಡುಬಗ್ಗಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ, ಇಪ್ಪತ್ತಾರು ವರ್ಷಗಳಿಂದ ಪ್ರತಿ ಪರೀಕ್ಷೆಗೂ ತಮ್ಮನ್ನು ನನ್ನ ಸ್ವಂತ ಬಾಯಿಯಿಂದಲೇ ಒದಗಿಸುತ್ತ ಬಂದಿದ್ದೇನೆ. ಪಿಷ್ಟದ ದ್ರಾವಣಕ್ಕೆ ಅಯೋಡಿನ್ ಬಿಟ್ಟರೆ ಕಡುನೀಲಿ; ತಾವು ಮೊದಲೇ ಹೋಗಿ ಪಿಷ್ಟವನ್ನು ಮುಗಿಸಿದ್ದರೆ ನೀಲಿಯ ಸುಳಿವೇ ಇಲ್ಲ. ಇಷ್ಟೇ ತಮ್ಮ ಕೆಲಸ. ಇದನ್ನು ತಾವು ಕುರ್ಚಿಯಲ್ಲೇ ತೂಕಡಿಸುವ ನಮ್ಮ ಮುಖ್ಯೋಪಾಧ್ಯಾಯರ ಬಾಯಲ್ಲೂ ತಪ್ಪದೆ ಮಾಡುತ್ತೀರಿ.

ಮೊನ್ನೆಯ ಪರೀಕ್ಷೆಗೆ ನನ್ನ ತಂಗಿಯೂ ಹೊರಗಿನ ಅಭ್ಯರ್ಥಿಯಾಗಿ ಕೂತಿದ್ದಳು. ಮೂವತ್ತೆಂಟು ವಯಸ್ಸು, ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ, ಪಾಸಾದರೆ ನರ್ಸಿಂಗ್ ತರಬೇತಿ. ಎರಡು ಸಲ ನಪಾಸಾಗಿದ್ದಳು, ಇದೇ ಕೊನೆಯ ಅವಕಾಶ. ಪರೀಕ್ಷಕರಿಗೋ ಬಸ್ಸಿನ ಅವಸರ. ತಮ್ಮನ್ನು ಮೈಬಿಸಿಯಷ್ಟು ನೀರಿನಲ್ಲಿ ಇರಿಸಬೇಕೆಂದು ಪುಸ್ತಕ ಹೇಳುತ್ತದೆ, ನಿಜ. ಆದರೆ ಬಿಸಿ ಹೆಚ್ಚಾದಷ್ಟೂ ಕೆಲಸ ಬೇಗ ಎಂಬ ಲೋಕಾನುಭವದಿಂದ, ಎಂಜಲಿನ ಬೀಕರನ್ನು ಐದೇ ಐದು ನಿಮಿಷ ಕುದಿನೀರಿನಲ್ಲಿಟ್ಟೆ. ಅಷ್ಟಕ್ಕೇ ಪ್ರಾಣ ಬಿಡುವುದೇ? ನಾನು ಇಷ್ಟು ವರ್ಷ ಆಸಿಡ್ಡಿನ ಹೊಗೆ ಕುಡಿದುಕೊಂಡು ಬದುಕಿಲ್ಲವೇ? ತಾವು ಪ್ರೋಟೀನಂತೆ, ಕುದಿಗೆ ಮಡಿಕೆ ಬಿಚ್ಚಿದರೆ ಮುಗಿಯಿತಂತೆ. ಒಗೆದ ಅಂಗಿಯಂತೆ ಮತ್ತೆ ಮಡಚಿಕೊಳ್ಳಲು ತಮಗೇನು ಧಾಡಿ?

ಹದಿನೆಂಟು ಪ್ರನಾಳಗಳೂ ನೀಲಿ. ಹದಿನೇಳು ಮಂದಿ ಜಾಣರು, ಕಂಡದ್ದನ್ನು ಬಿಟ್ಟು ಪುಸ್ತಕದ ಉತ್ತರವನ್ನೇ ಬರೆದರು. ತಂಗಿ ಮಾತ್ರ ನನ್ನ ಕಡೆ ತಿರುಗಿ, “ಅಣ್ಣಾ, ಕುದಿಸಿಬಿಟ್ಯಾ?” ಎಂದು ಪಿಸುಗುಟ್ಟಿದಳು. ಇಲ್ಲವೆಂದು ತಲೆಯಾಡಿಸಿದೆ. ಒಡಹುಟ್ಟಿದವಳಿಗೇ ಸುಳ್ಳು ಹೇಳಿದೆನಲ್ಲಾ, ಸ್ವಾಮೀ.

ಆದುದರಿಂದ ತಾವು ಪೂರ್ವಾನ್ವಯವಾಗುವಂತೆ ಜೀವ ತಳೆದು, ಸದರಿ ಪ್ರನಾಳಗಳಿಗೆ ಖುದ್ದು ಹಾಜರಾಗಿ, ಪಿಷ್ಟವನ್ನು ತೆರವುಗೊಳಿಸಿ, ನನ್ನ ತಂಗಿಯನ್ನು ಪಾಸು ಮಾಡಿಸಬೇಕಾಗಿ ಕೋರುತ್ತೇನೆ.

ಬಾಯಿ ಒಣಗಿದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಪ್ರಯೋಗಾಲಯ ಸಹಾಯಕ

ವಿ.ಸೂ.: ಅಂಚೆಗೆ ಹಾಕುವಷ್ಟರಲ್ಲಿ ಫಲಿತಾಂಶ ಬಂತು. ಹದಿನೇಳು ಜಾಣರು ಮತ್ತೆ ಪರೀಕ್ಷೆಗೆ ಕೂರಬೇಕಂತೆ. “ನೀಲಿ ಹೋಗಲಿಲ್ಲ, ಕಿಣ್ವವನ್ನು ಯಾರೋ ಕುದಿಸಿದ್ದಾರೆ” ಎಂದು ಬರೆದ ತಂಗಿ ಪಾಸು. ಆ ‘ಯಾರೋ’ ಯಾರೆಂದು ಕೇಳಿ ನನಗೆ ನೋಟಿಸು. ತಪ್ಪನ್ನು ತಮ್ಮ ಮೇಲೆಯೇ ಹೊರಿಸೋಣವೆಂದು ಉತ್ತರ ಬರೆದುಕೊಡಲು ತಂಗಿಯನ್ನು ಕರೆದೆ. ಪೆನ್ನನ್ನು ನನ್ನ ಕೈಗೇ ಕೊಟ್ಟು, “ಕಂಡಿದ್ದು ಕಂಡ ಹಾಗೆ ಬರಿ ಅಣ್ಣಾ, ಪಾಸಾಗ್ತೀಯ” ಅಂದಳು.